ಅಬ್ಬಿಯ ಬಾಯಿಗೆ ಬಾಗಿಲು

ಮುಂಬಯಿ
೧೪ ಜೂನ್ ೧೯೫೮

ಹರಿಹರ ಭಾವನವರಿಗೆ ತ್ರ್ಯಂಬಕನ ನಮಸ್ಕಾರಗಳು.

ಹುಬ್ಬಳ್ಳಿಯಲ್ಲಿ ರೈಲು ತಪ್ಪಲಿಲ್ಲ, ಅಕ್ಕ ಕಟ್ಟಿಕೊಟ್ಟ ಅವಲಕ್ಕಿ ಮೀರಜಿನವರೆಗೂ ಬಂತು, ಹಿತ್ತಿಲ ಗುಡ್ಡದ ಒರತೆಯಲ್ಲಿ, ನಮ್ಮ ಅಬ್ಬಿಯಲ್ಲಿ, ತುಂಬಿಕೊಂಡ ನೀರಿನ ಬಾಟಲಿಯೂ ಒಡೆಯಲಿಲ್ಲ. ಆ ಬಾಟಲಿಯ ಸುದ್ದಿ ಹೇಳಲಿಕ್ಕೇ ಈ ಪತ್ರ.

ನಾನು ಹೊರಡುವಾಗ ನೀವು ನಕ್ಕಿದ್ದಿರಿ. "ಊರವೆಲ್ಲ ಕಾಶಿಯಿಂದ ಗಂಗೆ ತತ್ತ, ಇಂವ ಗುಂಡಿಬೈಲಿಂದ ಅಬ್ಬಿ ನೀರು ತಗಂಡು ಹೋಗ್ತ" ಎಂದಿರಿ. ಈಗ ನಗುವ ಸರದಿ ನನ್ನದು. ಬಾಯಿಗೆ ಮೇಣ ಹಾಕಿ ಮುಚ್ಚಿದ್ದ ಆ ನೀರನ್ನು ನಾನು ಕೆಲಸ ಮಾಡುವ ಪ್ರಯೋಗಶಾಲೆಗೆ ಒಯ್ದು, ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ವಿಕಿರಣ ಅಳೆಯುವ ಯಂತ್ರಕ್ಕೆ ಹಿಡಿದೆ. ಮುಂಬಯಿಯ ನಲ್ಲಿ ನೀರಿಗೆ ಅಲ್ಲಾಡದ ಮುಳ್ಳು ನಮ್ಮ ನೀರಿಗೆ ಎದ್ದು ಕುಣಿಯಿತು. ಮೂರು ಸಾರಿ ನೋಡಿದೆ, ಮೂರು ಸಾರಿಯೂ ಹಾಗೇ. ನಮ್ಮ ಗುಡ್ಡದ ಕಲ್ಲಿನೊಳಗೆ ಎಲ್ಲೋ ರೇಡಿಯಂ ಇದೆ ಭಾವ. ಅದರಿಂದ ಹುಟ್ಟುವ, ಕಣ್ಣಿಗೂ ಮೂಗಿಗೂ ಸಿಗದ ಒಂದು ಗಾಳಿ ನೀರಿನಲ್ಲಿ ಕರಗಿ ಬರುತ್ತಿದೆ.

ಇಲ್ಲಿನ ಲೈಬ್ರರಿಯಲ್ಲಿ ಹಳೆಯ ಪುಸ್ತಕವೊಂದು ಸಿಕ್ಕಿತು. ಯುರೋಪಿನಲ್ಲಿ ಇಂಥ ನೀರು ಹುಟ್ಟುವ ಊರುಗಳಿಗೆ ಸಂಧಿವಾತದವರು ದೂರದೂರದಿಂದ ಹೋಗಿ ಕುಡಿಯುತ್ತಾರಂತೆ. ಓದುವಾಗ ಅಕ್ಕನ ಮೊಣಕಾಲು ಕಣ್ಣ ಮುಂದೆ ಬಂತು. ಹಿತ್ತಿಲಲ್ಲೇ ಔಷಧ ಇಟ್ಟುಕೊಂಡು ಅವಳು ಎಣ್ಣೆ ತಿಕ್ಕುತ್ತ ಕೂತಿದ್ದಾಳಲ್ಲ!

ಒಂದೇ ಎಚ್ಚರ ಬೇಕು. ಈ ಗುಣ ನಿಲ್ಲುವುದಲ್ಲ. ನಾಲ್ಕು ದಿನಕ್ಕೆ ಅರ್ಧವಾಗುತ್ತದೆ. ಕೊಡಕ್ಕೆ ಸುರಿದು ಕುಲುಕಿದರೆ ಇನ್ನೂ ಬೇಗ ಹೋಗುತ್ತದೆ, ಕುದಿಸಿದರೆ ಏನೂ ಉಳಿಯುವುದಿಲ್ಲ. ಆದ್ದರಿಂದ ಅಕ್ಕ ದಿನಾ ಬೆಳಿಗ್ಗೆ ಅಬ್ಬಿಯ ಬಾಯಿಗೇ ತಂಬಿಗೆ ಹಿಡಿದು, ಅಲ್ಲೇ ಕುಡಿಯಲಿ.

ನಿಮ್ಮ
ತ್ರ್ಯಂಬಕ

(ಯಂತ್ರ ಸರ್ಕಾರದ್ದು. ಕೇಳಿ ಮುಟ್ಟಿದ್ದಲ್ಲ. ಈ ಮಾತು ನಮ್ಮೊಳಗೇ ಇರಲಿ.)


ಗುಂಡಿಬೈಲು, ಹೊನ್ನಾವರ ತಾಲೂಕು
೩ ಸೆಪ್ಟೆಂಬರ್ ೧೯೫೮

ಚಿ. ತ್ರ್ಯಂಬಕನಿಗೆ ಭಾವನ ಆಶೀರ್ವಾದ, ಜೊತೆಗೆ ಊರಿನವರದೂ.

ನಮ್ಮನ್ನು ಮೈಸೂರು ರಾಜ್ಯಕ್ಕೆ ಸೇರಿಸಿ ಎರಡು ವರ್ಷವಾಗುತ್ತ ಬಂದರೂ ಗುಂಡಿಬೈಲಿನ ಹೆಸರು ಯಾವ ಸಾಹೇಬರ ಕಿವಿಗೂ ಬಿದ್ದಿರಲಿಲ್ಲ. ಈಗ ನೋಡು. ನಿನ್ನ ಪತ್ರವನ್ನು ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರಿಗೆ ಓದಿ ಹೇಳಿದೆ, ಕಡೆಯ ಎರಡು ಸಾಲು ಬಿಟ್ಟು. ಸಂಜೆಯೊಳಗೆ ಊರೆಲ್ಲ ರೇಡಿಯಂ. ಗಡಿಯಾರದ ಮುಳ್ಳಿಗೆ ಹಚ್ಚುವ ರೇಡಿಯಂ ಹೊಳೆಯುತ್ತದೆಂದು ಕೇಳಿದ್ದ ನಿನ್ನಕ್ಕ ಒಂದು ತಂಬಿಗೆ ನೀರು ಹಿಡಿದು ಅಟ್ಟದ ಕತ್ತಲೆ ಕೋಣೆಗೆ ಹೋದಳು. ಬಹಳ ಹೊತ್ತಾದ ಮೇಲೆ ಇಳಿದು ಬಂದಳು. "ಹೊಳೆತ್ತಿಲ್ಲೆ. ಹೊಳೆಯದಿದ್ರೆ ಎಂತಾತು? ತಮ್ಮ ಬರದ್ದು ಸುಳ್ಳಾಗ್ತಿಲ್ಲೆ" ಎಂದಳು.

ತಾಜಾ ನೀರೇ ಆಗಬೇಕೆಂದು ನೀನು ಬರೆದದ್ದು ಅವಳಿಗೆ ಎಷ್ಟು ಹಿಡಿಸಿತೆಂದರೆ, ಮೂರು ದಿನ ನನ್ನನ್ನು ಹಂಗಿಸಿದಳು. ಅವಳು ನಿನ್ನೆ ತಂದ ನೀರನ್ನು ದೇವರಿಗೂ ಇಡುವುದಿಲ್ಲ, ಒಲೆಗೂ ಏರಿಸುವುದಿಲ್ಲ, ಬೆಳಗಾದರೆ ತೆಂಗಿನ ಬುಡಕ್ಕೆ ಚೆಲ್ಲುತ್ತಾಳೆ. ಇಷ್ಟು ವರ್ಷ ಅದನ್ನು ನಾನು ಹುಚ್ಚು ಮಡಿ ಎನ್ನುತ್ತಿದ್ದೆ. ಈಗ ಸರ್ಕಾರದ ಯಂತ್ರವೇ ಅವಳ ಪಕ್ಷ ಸೇರಿತು.

ಶ್ರಾವಣದಲ್ಲಿ ಮಳೆ ಕೊಂಚ ಬಿಡುವು ಕೊಟ್ಟಾಗ ಊರವರು ಸೇರಿ ಅಬ್ಬಿಗೆ ಒಂದು ಕೋಣೆ ಕಟ್ಟಿದೆವು. ಚಿರೇಕಲ್ಲಿನ ನಾಲ್ಕು ಗೋಡೆ, ಮೇಲೆ ಹಂಚು, ಹಲಸಿನ ಹಲಗೆಯ ಬಾಗಿಲು. ಎಲೆ ಕಸ ಬೀಳಬಾರದು, ದನ ಮೂತಿ ಹಾಕಬಾರದು, ಗುಣ ಹಾರಿಹೋಗಬಾರದು ಎಂದು ಕಿಟಕಿಯನ್ನೇ ಇಡಲಿಲ್ಲ. ಬೀಗದ ಕೈ ನಿನ್ನಕ್ಕನ ಸೊಂಟದಲ್ಲಿ. ನಮ್ಮಲ್ಲಿ ಕೆಲಸಕ್ಕೆ ಬರುವ ದುರ್ಗಿಯೂ ಅವಳ ಕೇರಿಯವರೂ ಮೊದಲು ಅಬ್ಬಿಯ ನೀರು ಹರಿಸುವ ಅಡಿಕೆ ದಬ್ಬೆಯ ತುದಿಗೆ ಕೊಡ ಹಿಡಿಯುತ್ತಿದ್ದರಷ್ಟೆ. ಇನ್ನು ಅವರಿಗೆ ಕೆಳಗಿನ ಹೊಂಡ. ನೀರು ಕಲ್ಲಿಂದ ಕಲ್ಲಿಗೆ ಜಿಗಿದು ಕಡೆಗೆ ಅಲ್ಲಿಗೇ ತಾನೇ ಹೋಗುವುದು. ಹೇಳಿದಾಗ ದುರ್ಗಿ, "ರೇಡಿಯ ನಮಗ್ಯಾಕೆ ಒಡ್ಯಾ, ನೀರು ಸಿಕ್ಕರೆ ಆತು" ಎಂದು ನಕ್ಕು ಹೋದಳು.

ಪತ್ರವನ್ನು ಆ ಕಡೆಯ ಎರಡು ಸಾಲು ಕಾಣದಂತೆ ಮಡಿಸಿ, ಹೊನ್ನಾವರದಲ್ಲಿ ಕಟ್ಟು ಹಾಕಿಸಿ, ಗಾಜು ಹೊದಿಸಿ, ಜಗಲಿಯಲ್ಲಿ ತೂಗುಹಾಕಿದ್ದೇನೆ.

ಇಂತಿ
ಹರಿಹರ


ಗುಂಡಿಬೈಲು
೨೦ ಫೆಬ್ರವರಿ ೧೯೬೦

ತಮ್ಮನಿಗೆ ನರ್ಮದಕ್ಕ ಬರೆಯುವುದು.

ನಿನ್ನ ಭಾವ ಊರಿನ ಸುದ್ದಿಯನ್ನೆಲ್ಲ ಬರೆದು ನನ್ನ ಸುದ್ದಿ ಬಿಡುತ್ತಾರೆ, ಅದಕ್ಕೇ ನಾನೇ ಬರೆಯಲು ಕೂತೆ. ಮೊಣಕಾಲು ಎಷ್ಟೋ ವಾಸಿ. ಮೊನ್ನೆ ಅಪ್ಸರಕೊಂಡದವರೆಗೆ ನಡೆದು ಹೋಗಿ ನಡೆದೇ ಬಂದೆ, ದಾರಿಯಲ್ಲಿ ಒಂದೇ ಕಡೆ ಕೂತೆ.

ಬೆಳಿಗ್ಗೆ ಮಿಂದು ಅಬ್ಬಿ ಕೋಣೆಗೆ ಹೋಗುತ್ತೇನೆ. ಬಾಗಿಲು ಹಾಕಿಕೊಂಡು ಎರಡು ತಂಬಿಗೆ ನೀರು ಕುಡಿದು ಅಲ್ಲೇ ಜಪಕ್ಕೆ ಕೂರುತ್ತೇನೆ. ಅರ್ಧ ತಾಸು, ಕೆಲವು ದಿನ ಒಂದು ತಾಸೂ ಆಗುತ್ತದೆ. ನಿಜ ಹೇಳುತ್ತೇನೆ, ಪೂರ್ತಿ ಜಪವಲ್ಲ. ಸುಮ್ಮನೆ ನೀರಿನ ಸಪ್ಪಳ ಕೇಳುತ್ತೇನೆ. ಇಡೀ ದಿನದಲ್ಲಿ ನನ್ನನ್ನು ಯಾರೂ ಕರೆಯದ ಹೊತ್ತೆಂದರೆ ಅದೊಂದೇ.

ಕುಮಟೆಯಿಂದ, ಭಟ್ಕಳದಿಂದಲೂ ಜನ ಬರುತ್ತಾರೆ. ಹೋದ ವಾರ ಭಟ್ಕಳದ ಮುಸಲ್ಮಾನ ಸಾಹೇಬರೊಬ್ಬರು ಮುದಿ ತಾಯಿಯನ್ನು ಕರೆತಂದಿದ್ದರು. ಆ ಅಜ್ಜಿಯ ಮಾತು ನನಗೆ ಬಾರದು, ನನ್ನದು ಅವರಿಗೆ. ಇಬ್ಬರೂ ಮೊಣಕಾಲು ಮುಟ್ಟಿ ತೋರಿಸಿಕೊಂಡು ನಕ್ಕೆವು. ಸಾಹೇಬರು ಬಾಟಲಿ ತುಂಬಿಸಿ ಕೊಡಿ ಎಂದರು. "ತಮ್ಮ ಬರದ್ದ, ಇಲ್ಲೇ ಕುಡಿಯವು" ಎಂದು ಹೇಳಿ, ಅಜ್ಜಿಯನ್ನು ಬಾಗಿಲ ಒಳಗೇ ಕೂರಿಸಿ ಕುಡಿಸಿದೆ. ಊರವರು ಮುಖ ಸೊಟ್ಟ ಮಾಡಿದರು. ಮಾಡಿಕೊಳ್ಳಲಿ.

ನಿನ್ನಿಂದ ಇಷ್ಟಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ
ನರ್ಮದಾ


ಮುಂಬಯಿ
೯ ಮಾರ್ಚ್ ೧೯೬೩

ಭಾವನವರಿಗೆ ನಮಸ್ಕಾರ.

ಈ ಪತ್ರವನ್ನು ಶಾಲೆಯಲ್ಲಿ ಓದಬೇಡಿ. ಮೊದಲು ನೀವೊಬ್ಬರೇ ಓದಿ, ಆಮೇಲೆ ಅಕ್ಕನಿಗೆ ಓದಿ ಹೇಳಿ.

ಐದು ವರ್ಷದ ಹಿಂದೆ ನಾನು ಬರೆದದ್ದು ತಪ್ಪು. ಯಂತ್ರದ ಮುಳ್ಳು ಕುಣಿದದ್ದು ನಿಜ, ನಾನು ಹೇಳಿದ ಅರ್ಥ ತಪ್ಪು. ನನಗೆ ಸಿಕ್ಕಿದ್ದ ಪುಸ್ತಕ ಮೂವತ್ತು ವರ್ಷ ಹಳೆಯದು. ಆಗ ಎಲ್ಲರೂ ರೇಡಿಯಂ ಎಂದರೆ ಬಾಯಿ ಬಿಡುತ್ತಿದ್ದರು. ಹೋದ ತಿಂಗಳು ನಮಗೆ ತರಬೇತಿ ನಡೆಯಿತು. ಯುರೋಪಿನ ಕೆಲವು ಗಣಿಗಳ ಒಳಗೆ ಇದೇ ಗಾಳಿಯನ್ನು ವರ್ಷಗಟ್ಟಲೆ ಉಸಿರಾಡಿದ ಕೂಲಿಗಳು ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತಿದ್ದಾರೆ, ಲೆಕ್ಕವಿಲ್ಲದಷ್ಟು ಜನ. ಕುಡಿಯುವುದಕ್ಕಿಂತಲೂ ಉಸಿರಾಡುವುದು ಹೆಚ್ಚು ಕೆಟ್ಟದ್ದು. ಪಾಠ ಕೇಳುತ್ತಿದ್ದಾಗ ನನಗೆ ಕಂಡದ್ದು ಆ ಗಣಿಯಲ್ಲ, ಕಿಟಕಿಯಿಲ್ಲದ ನಮ್ಮ ಕೋಣೆ.

ನಾನು ಆಗ ಬೇಡವೆಂದದ್ದನ್ನೆಲ್ಲ ಈಗ ಮಾಡಿ. ಬಾಗಿಲು ಕಿತ್ತುಹಾಕಿ, ಸಾಧ್ಯವಾದರೆ ಗೋಡೆಯನ್ನೂ ಕೆಡವಿ. ನೀರನ್ನು ಎತ್ತರದಿಂದ ಸುರಿದು ಕುಲುಕಿ, ಬಯಲಲ್ಲಿ ಕುದಿಸಿ, ಆರಿಸಿ ಕುಡಿಯಿರಿ. ಬಸುರಿಯರನ್ನೂ ಮಕ್ಕಳನ್ನೂ ಆ ಕೋಣೆಯ ಹತ್ತಿರ ಬಿಡಬೇಡಿ. ಅಕ್ಕ ಅಲ್ಲಿ ಕೂತು ಜಪ ಮಾಡುವುದನ್ನು ಇವತ್ತಿನಿಂದಲೇ ನಿಲ್ಲಿಸಬೇಕು.

ಗಾಬರಿಪಡಿಸಲು ಬರೆದದ್ದಲ್ಲ. ಗಾಬರಿಯಾಗಿದ್ದೇನೆ, ಅದಕ್ಕೇ ಬರೆದೆ.

ನಿಮ್ಮ
ತ್ರ್ಯಂಬಕ


ಗುಂಡಿಬೈಲು
೨ ಏಪ್ರಿಲ್ ೧೯೬೩

ತ್ರ್ಯಂಬಕನಿಗೆ,

ನಿನ್ನ ಪತ್ರ ಮುಟ್ಟಿತು.

ಒಂದು ಸಾರಿ ಅಮೃತ ಎಂದೆ. ಈಗ ವಿಷ ಎನ್ನುತ್ತಿ. ಇನ್ನೈದು ವರ್ಷಕ್ಕೆ ಮತ್ತೊಂದು ಪುಸ್ತಕ ಸಿಕ್ಕರೆ ಏನೆನ್ನುವೆಯೋ! ಊರವರು ಹೊತ್ತು ತಂದ ಕಲ್ಲನ್ನು ನಾನು ಯಾವ ಬಾಯಲ್ಲಿ ಕೆಡವಿ ಎನ್ನಲಿ? ಹೆಡ್ಮಾಸ್ತರನ ಭಾವಮೈದ ತಪ್ಪು ಓದಿದ್ದನಂತೆ ಎಂದು ಹೇಳಲೇ? ಹೊನ್ನಾವರದ ಡಾಕ್ಟರನ್ನು ಕೇಳಿದೆ, ನೀರಿನಿಂದ ಇಂಥ ರೋಗ ಬಂದದ್ದನ್ನು ತಾನು ಕಂಡಿಲ್ಲ ಎಂದರು.

ನಿನ್ನಕ್ಕನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಮೊಣಕಾಲು ಹಿಡಿದು ಅಳುತ್ತಿದ್ದವಳು ಈಗ ಗುಡ್ಡ ಹತ್ತುತ್ತಾಳೆ. ದೇವರಿಗೆ ಕುದಿಸಿದ ನೀರು ಇಡು, ನಿನ್ನೆಯ ನೀರು ಕುಡಿ ಎಂದು ನಾನು ಅವಳಿಗೆ ಹೇಳಬೇಕೇ? ನಿನ್ನ ಮೊದಲ ಪತ್ರ ಜಗಲಿಯಲ್ಲಿದೆ. ಎರಡನೆಯದನ್ನು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇಟ್ಟಿದ್ದೇನೆ.

ಪತ್ರ ಬರೆಯುತ್ತಿರು. ಈ ವಿಷಯ ಮಾತ್ರ ಬರೆಯಬೇಡ. ಬರೆದರೆ ನಾನು ಉತ್ತರ ಕೊಡುವವನಲ್ಲ.

ಹರಿಹರ


ಗುಂಡಿಬೈಲು
೧೧ ಜನವರಿ ೧೯೬೫

ಚಿ. ತ್ರ್ಯಂಬಕನಿಗೆ ಆಶೀರ್ವಾದಗಳು.

ನೀನು ಮಾವನಾಗಿ ಬಡ್ತಿ ಪಡೆದು ಬಹಳ ಕಾಲವಾಯಿತು, ಈಗ ಅಜ್ಜನಾದೆ. ನಮ್ಮ ಸುಮತಿ ಕುಮಟೆಯಿಂದ ಹೆರಿಗೆಗೆ ಬಂದವಳು ಗಂಡುಮಗು ಹೆತ್ತಿದ್ದಾಳೆ. ಇಬ್ಬರೂ ಆರೋಗ್ಯ. ಮಗುವಿನ ಮೂಗು ನಿನ್ನದೇ, ಪಾಪ.

ನಿನ್ನಕ್ಕನ ಮಡಿ ಮಾತ್ರ ಇತ್ತೀಚೆಗೆ ತಲೆಗೇರಿದೆ. ಸುಮತಿ ಬಂದ ದಿನವೇ ಅಬ್ಬಿ ಕೋಣೆಗೆ ಹೊರಟರೆ, ಬಾಗಿಲಿಗೆ ಅಡ್ಡ ನಿಂತು, "ಮಡಿ ಇದ್ದು, ಒಳಗೆ ಬರಡ" ಎಂದಳಂತೆ, ಹೊಟ್ಟೆಯ ಮಗಳಿಗೆ! ಹುಡುಗಿ ಅತ್ತಳು. ಊರ ಮಕ್ಕಳು ಹತ್ತಿರ ಸುಳಿದರೆ ಕೋಲು ಹಿಡಿಯುತ್ತಾಳೆ. ಕುಮಟೆಯಿಂದ ಬಂದವರನ್ನು ಇವತ್ತು ಆಗುವುದಿಲ್ಲ, ನಾಳೆ ಆಗುವುದಿಲ್ಲ ಎಂದು ಸಾಗಹಾಕುತ್ತಾಳೆ. ಈಗ ಯಾರೂ ಬರುವುದೇ ಇಲ್ಲ. ಇಷ್ಟು ಮಡಿಯವಳು ಬಾಣಂತಿಗೆ ಯಾವ ನೀರು ಕೊಡುತ್ತಾಳೆ ಗೊತ್ತೇ? ಕೆಳಗಿನ ಹೊಂಡದ್ದು. ದುರ್ಗಿ ಹೊತ್ತು ತರುತ್ತಾಳೆ, ಇವಳು ಅಂಗಳದಲ್ಲಿ ಹಂಡೆಯಿಟ್ಟು ಮರಳಿಸುತ್ತಾಳೆ. ಒಂದು ಕಡೆ ಮಗಳೇ ಮೈಲಿಗೆ, ಇನ್ನೊಂದು ಕಡೆ ದುರ್ಗಿಯ ಕೊಡ ಅಡಿಗೆಮನೆಗೆ. ನನಗಂತೂ ತಲೆಬುಡ ತಿಳಿಯಲಿಲ್ಲ. ಕೇಳಿದರೆ, "ನಿಂಗಕ್ಕೆ ಎಂತಕ್ಕೆ ಅದೆಲ್ಲ, ಶಾಲೆ ನೋಡ್ಕಳಿ" ಎನ್ನುತ್ತಾಳೆ.

ನಾಮಕರಣಕ್ಕಾದರೂ ಬಾ.

ಹರಿಹರ


ಮುಂಬಯಿ
೬ ಫೆಬ್ರವರಿ ೧೯೬೫

ಭಾವನವರಿಗೆ ನಮಸ್ಕಾರಗಳು.

ಸುಮತಿಯ ಸುದ್ದಿ ಓದಿ ಬಹಳ ಸಂತೋಷವಾಯಿತು. ನಾಮಕರಣಕ್ಕೆ ರಜೆ ಸಿಗಲಿಲ್ಲ. ಮಗುವಿಗೆ ಉಣ್ಣೆಯ ಟೋಪಿ ಕಳಿಸಿದ್ದೇನೆ, ನಮ್ಮ ಸೆಕೆಗೆ ಅದು ಯಾಕೆಂದು ಅಂಚೆಗೆ ಹಾಕಿದ ಮೇಲೆ ಹೊಳೆಯಿತು. ಇಲ್ಲಿ ಎಲ್ಲ ಎಂದಿನಂತೆ. ಈ ವರ್ಷ ಮಾವು ಹೇಗಿದೆ? ಅಕ್ಕನಿಗೆ ನಮಸ್ಕಾರ ತಿಳಿಸಿ.

ನಿಮ್ಮ
ತ್ರ್ಯಂಬಕ


ಗುಂಡಿಬೈಲು
೧೯ ಆಗಸ್ಟ್ ೧೯೬೭

ಚಿ. ತ್ರ್ಯಂಬಕನಿಗೆ,

ನಾಲ್ಕು ತಿಂಗಳಿಂದ ನಿನ್ನಕ್ಕನಿಗೆ ಕೆಮ್ಮು. ಮಳೆಗಾಲದ್ದೆಂದು ಕಷಾಯ ಕೊಟ್ಟೆವು. ಆಮೇಲೆ ಕಫದಲ್ಲಿ ರಕ್ತ ಕಂಡಿತು. ಕುಮಟೆಗೆ ಕರೆದುಕೊಂಡು ಹೋದೆ, ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಫೋಟೋ ತೆಗೆದು, ಎದೆಯ ಬಲಗಡೆ ಗಡ್ಡೆಯಿದೆ ಎಂದರು. ಕ್ಷಯವಲ್ಲವಂತೆ. ಹೆಸರನ್ನು ನನ್ನೊಬ್ಬನಿಗೇ ಹೇಳಿದರು. ನೀನು ಬರೆದಿದ್ದ ಹೆಸರೇ.

ದೊಡ್ಡ ಡಾಕ್ಟರು ಕೇಳಿದರು, ಈಕೆ ಬೀಡಿ ಸೇದುತ್ತಾಳೆಯೇ ಎಂದು. ಮಡಿಯ ಹೆಂಗಸಿಗೆ ಬೀಡಿ! ನಗು ಬಂತು. ನಗುತ್ತಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಶಸ್ತ್ರಕ್ರಿಯೆಗೆ ಕಾಲ ಮೀರಿದೆ ಎಂದು ಮನೆಗೆ ಕಳಿಸಿದ್ದಾರೆ. ಬಂದ ಮಾರನೆಯ ದಿನ ನಾನೇ ಹಾರೆ ಹಿಡಿದು ಅಬ್ಬಿಯ ಬಾಗಿಲು ಕಿತ್ತೆ. ಊರವರು ಮಾಸ್ತರರಿಗೆ ಹುಚ್ಚು ಎಂದುಕೊಂಡು ನೋಡುತ್ತ ನಿಂತರು. ಗೋಡೆ ಇನ್ನೂ ಹಾಗೇ ಇದೆ.

ಒಂದು ಪ್ರಶ್ನೆ. ನೀರಿನಿಂದಲೇ ಬಂತೇ? ಹೌದು ಅಥವಾ ಅಲ್ಲ, ಎರಡರಲ್ಲಿ ಒಂದು ಬರೆ. ನಿನ್ನ ಮೇಲೆ ಸಿಟ್ಟಿಲ್ಲ. ಹೌದೆಂದರೆ ತಪ್ಪು ನನ್ನದು, ಐದು ವರ್ಷದ ತಪ್ಪು ನಿನ್ನದಾದರೆ ಆಮೇಲಿನ ನಾಲ್ಕು ವರ್ಷ ಪೂರ್ತಿ ನನ್ನದು. ಅಷ್ಟನ್ನು ತಿಳಿದುಕೊಂಡರೆ ಸಾಕು.

ಹರಿಹರ


ಮುಂಬಯಿ
೨೬ ಆಗಸ್ಟ್ ೧೯೬೭

ಭಾವ,

ಮೂರು ಸಾರಿ ಬರೆದು ಹರಿದೆ. ನೀವು ಕೇಳಿದ ಒಂದು ಪದದ ಉತ್ತರ ನನ್ನಲ್ಲಿಲ್ಲ. ನನ್ನಲ್ಲೇ ಏಕೆ, ಯಾರಲ್ಲೂ ಇಲ್ಲ. ಸಾವಿರ ಜನ ಆ ಗಾಳಿ ಉಸಿರಾಡಿದರೆ ರೋಗ ಬರುವವರು ಹೆಚ್ಚುತ್ತಾರೆ ಎಂದು ಹೇಳಬಹುದು. ಆ ಸಾವಿರದಲ್ಲಿ ಈ ಒಬ್ಬಳಿಗೆ ಅದರಿಂದಲೇ ಬಂತು ಎಂದು ತೋರಿಸುವ ಯಂತ್ರವಿಲ್ಲ. ಒಂಬತ್ತು ವರ್ಷ ಸಣ್ಣ ಅವಧಿ ಎನ್ನುವವರಿದ್ದಾರೆ. ಒಲೆಯ ಹೊಗೆಯಲ್ಲಿ ಅಕ್ಕ ಮೂವತ್ತು ವರ್ಷ ಕೂತಿದ್ದಾಳೆ, ಅದೂ ಇರಬಹುದು. ಏನೂ ಕಾರಣವಿಲ್ಲದೆಯೂ ಬರಬಹುದು. ಹೌದು ಎಂದರೂ ಸುಳ್ಳಾದೀತು, ಅಲ್ಲ ಎಂದರೂ ಸುಳ್ಳಾದೀತು. ನನಗೆ ಬಂದ ಶಿಕ್ಷೆ ಇದೇ.

ತಪ್ಪನ್ನು ನೀವು ಹೊತ್ತುಕೊಳ್ಳಬೇಡಿ. ಬರೆಯಬೇಡ ಎಂದು ನೀವು ಹೇಳಿದಾಗ ನನಗೆ ಬೇಸರವಾಯಿತೆಂದು ನೀವು ತಿಳಿದಿರಬಹುದು. ಹಾಯೆನಿಸಿತು ಭಾವ. ಮೇಲಿನವರಿಗೆ ತಿಳಿಸಿ ಸರ್ಕಾರದಿಂದಲೇ ಜನರನ್ನು ಕಳಿಸಬಹುದಿತ್ತು. ತಿಳಿಸಿದರೆ ಕದ್ದು ಯಂತ್ರ ಮುಟ್ಟಿದ್ದು ಹೊರಬೀಳುತ್ತಿತ್ತು, ನೌಕರಿ ಹೋಗುತ್ತಿತ್ತು. ನಿಮ್ಮ ಸಿಟ್ಟನ್ನು ನೆಪ ಮಾಡಿಕೊಂಡು ನಾಲ್ಕು ವರ್ಷ ನಿಮಗೆ ಮಾವಿನ ಬೆಳೆ ಕೇಳಿದೆ. ನಿನ್ನೆ ಪ್ರಯೋಗಶಾಲೆಯ ಸಾಹೇಬರಿಗೆ ಎಲ್ಲ ಹೇಳಿದೆ. ಬೈದರು. ಮಳೆ ಮುಗಿದ ಮೇಲೆ ನೀರು ಪರೀಕ್ಷಿಸಲು ಜನ ಕಳಿಸುತ್ತೇನೆ ಎಂದರು. ನೌಕರಿ ಹೋಗಲಿಲ್ಲ. ನಾಲ್ಕು ವರ್ಷದ ಹಿಂದೆ ಹೇಳಿದ್ದರೂ ಇಷ್ಟೇ ಆಗುವುದಿತ್ತು.

ದುರ್ಗಿಯ ಕೇರಿಯವರ ಬಗ್ಗೆ ಹೆದರಬೇಡಿ. ಕಲ್ಲಿಂದ ಕಲ್ಲಿಗೆ ಜಿಗಿದು ಹೊಂಡ ಸೇರುವಷ್ಟರಲ್ಲಿ ನೀರಿನೊಳಗಿನ ಗಾಳಿ ಹೆಚ್ಚುಪಾಲು ಹೋಗಿರುತ್ತದೆ. ನಾವು ಯಾರನ್ನು ಬಾಗಿಲ ಹೊರಗಿಟ್ಟೆವೋ ಅವರಿಗೇ ಒಳ್ಳೆಯ ನೀರು ಸಿಕ್ಕಿತು.

ರಜೆ ಹಾಕಿದ್ದೇನೆ. ಹತ್ತನೇ ತಾರೀಕಿನೊಳಗೆ ಬರುತ್ತೇನೆ. ಅಕ್ಕನಿಗೆ ಈ ಪತ್ರ ಓದಿ ಹೇಳಿ, ಈ ಸಾರಿ ಒಂದು ಸಾಲನ್ನೂ ಬಿಡದೆ.

ತ್ರ್ಯಂಬಕ


ಗುಂಡಿಬೈಲು
೨ ಸೆಪ್ಟೆಂಬರ್ ೧೯೬೭

ತಮ್ಮನಿಗೆ ಅಕ್ಕ ಬರೆಯುವುದು.

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಮಲಗಿ ಬರೆದರೆ ಶಾಯಿ ಇಳಿಯುವುದಿಲ್ಲ. ನಿನ್ನ ಭಾವ ಪತ್ರ ಪೂರ್ತಿ ಓದಿ ಹೇಳಿದರು. ನಡುನಡುವೆ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು, ಆಗ ನಾನೇ ಇಸಿದುಕೊಂಡು ಓದಿದೆ.

ನಿನ್ನ ಎರಡನೇ ಪತ್ರ ನನಗೆ ಗೊತ್ತಿಲ್ಲವೆಂದು ನೀವಿಬ್ಬರೂ ತಿಳಿದಿದ್ದಿರಿ. ಆ ವರ್ಷದ ದೀಪಾವಳಿಗೆ ಧೂಳು ಹೊಡೆಯುವಾಗ ಜಗಲಿಯ ಕಟ್ಟು ತೆಗೆದೆ. ಮೊದಲ ಪತ್ರದ ಬೆನ್ನಿಗೆ ಅದನ್ನು ಮಡಿಸಿ ಇಟ್ಟಿದ್ದರು. ಅವರಿಗೆ ಅಡಗಿಸಲೂ ಬರುವುದಿಲ್ಲ. ಓದಿ ಹಾಗೇ ಇಟ್ಟೆ. ಬಾಯಿಬಿಟ್ಟರೆ ಊರಲ್ಲಿ ಅವರ ಮಾತು ಹೋಗುತ್ತಿತ್ತು, ಅಲ್ಲಿ ನಿನ್ನ ನೌಕರಿ. ಅದಕ್ಕೆ ನನ್ನ ಹತ್ತಿರ ಇದ್ದದ್ದು ಮಡಿಯೊಂದೇ. ಬಸುರಿಯರನ್ನು, ಮಕ್ಕಳನ್ನು, ಪರವೂರಿನವರನ್ನು ಮಡಿ ಎಂದೇ ದೂರ ಇಟ್ಟೆ. ನರ್ಮದೆಗೆ ಸೊಕ್ಕು ಬಂತು ಎಂದರು. ಸುಮತಿ ಅತ್ತದ್ದೊಂದು ಈಗಲೂ ಮರೆತಿಲ್ಲ. ಭಟ್ಕಳದ ಆ ಅಜ್ಜಿ ಒಂದೇ ದಿನ ಕುಡಿದದ್ದು, ಅವರಿಗೇನೂ ಆಗಿರಲಿಕ್ಕಿಲ್ಲ ಅಲ್ಲವೇ? ಬಂದಾಗ ಹೇಳು.

ನಾನೇ ಯಾಕೆ ಆ ಕೋಣೆ ಬಿಡಲಿಲ್ಲ ಎಂದು ನೀನು ಕೇಳುತ್ತೀಯ. ನಿನ್ನ ಎರಡೂ ಪತ್ರಗಳನ್ನು ನಾನು ನಂಬಿದೆ ತಮ್ಮಾ. ಎರಡನೆಯದನ್ನು ಊರಿನವರ ಪಾಲಿಗೆ, ಮೊದಲನೆಯದನ್ನು ನನ್ನ ಪಾಲಿಗೆ. ಅದು ನನ್ನ ಮೊಣಕಾಲು ನೆನೆದು ಬರೆದದ್ದು. ಆ ಅರ್ಧ ತಾಸೂ ಬಿಡಲು ಮನಸ್ಸಾಗಲಿಲ್ಲ.

ಹೆದರಿಕೆ ಇರಲಿಲ್ಲವೆಂದಲ್ಲ. ಆಮೇಲೆ ನಿನ್ನ ಪತ್ರ ಬಂದಾಗಲೆಲ್ಲ ಮೊದಲು ನೀರಿನ ಮಾತು ಇದೆಯೇ ಎಂದು ಹುಡುಕುತ್ತಿದ್ದೆ. ಟೋಪಿಯ ಸುದ್ದಿ ಇರುತ್ತಿತ್ತು, ಮಾವಿನ ಸುದ್ದಿ ಇರುತ್ತಿತ್ತು. ಅಷ್ಟು ಕೆಟ್ಟದ್ದಾಗಿದ್ದರೆ ತ್ರ್ಯಂಬಕ ಸುಮ್ಮನೆ ಕೂರುವವನೇ, ಓಡಿ ಬರುತ್ತಿದ್ದ ಎಂದುಕೊಂಡು ಮತ್ತೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಕಿತ್ತ ಬಾಗಿಲನ್ನು ದುರ್ಗಿ ಕೇಳಿದಳು, ಕೊಟ್ಟಿದ್ದೇನೆ. ಬರುವಾಗ ಹೊನ್ನಾವರಕ್ಕೆ ಬೇಗ ಮುಟ್ಟು. ಹೊಳೆ ತುಂಬಿದೆ, ಸಂಜೆಯಾದರೆ ಈಚೆ ದಡದ ಕಾಸರಕೋಡಿಗೆ ದೋಣಿ ಬಿಡುವುದಿಲ್ಲ.

ನಿನ್ನ ಅಕ್ಕ
ನರ್ಮದಾ